ಕೀವು ಬಂದ್ರೆ ಬೈಬೇಡಿ

ನಮ್ಮ ಬದಿಯಡ್ಕ ಕಡೆ ತೋಟದ ಬೇಲಿ ಸರಿಮಾಡ್ಲಿಕ್ಕೆ ಹೋದವ್ರಿಗೆ ಮುಳ್ಳು ಚುಚ್ಚುದು ಮಾಮೂಲು, ಆದ್ರೆ ಮುಳ್ಳಿನ ತುದಿ ಒಳಗೇ ಮುರ್ದು ಉಳಿದ್ರೆ ಮರುದಿನಕ್ಕೆ ಬೆರಳು ಕೆಂಪಾಗಿ ಬಾತು ರಾತ್ರಿಯಿಡೀ ಮಿಡೀತದೆ, ಆಮೇಲೆ ಉಗುರಿನ ಬುಡದಲ್ಲಿ ಬಿಳೀ ಕೀವಿನ ಬೊಟ್ಟು. ಕೂಡ್ಲೆ ಮನೆಯ ಹಿರಿಯರು "ರಕ್ತ ಕೆಟ್ಟಿದೆ" ಅಂತ ತೀರ್ಪು ಕೊಟ್ಟುಬಿಡ್ತಾರೆ. ನಂಗೆ ಅದನ್ನು ಒಪ್ಲಿಕ್ಕೆ ಆಗುದಿಲ್ಲ ಮಾರಾಯ್ರೆ. ಡಾಕ್ಟರ ಹತ್ರ ಹೋಗ್ಬೇಡಿ ಅಂತ ನಾನು ಹೇಳುದಲ್ಲ, ಆದ್ರೆ ಕೀವು ಬಂತು ಅಂದ್ರೆ ರೋಗಾಣುಗಳ ಜತೆ ಹೋರಾಡುವ ರಕ್ತದ ಬಿಳಿ ಕಣಗಳು ಸರಿಯಾದ ಜಾಗಕ್ಕೆ ಬಂದು ಮುಟ್ಟಿವೆ ಅಂತ ಲೆಕ್ಕ.

ಅವು ಮುಟ್ಟುದಾದ್ರೂ ಹೇಗೆ? ರಕ್ತ ಓಡ್ತಾ ಇರ್ತದೆ, ಕಣಕ್ಕೆ ಕಣ್ಣಿಲ್ಲ, ಇದೇ ಬೆರಳಲ್ಲಿ ಇಳೀಬೇಕು ಅಂತ ಹೇಳುವವರು ಯಾರು? ಹೇಳುದು ರಕ್ತನಾಳದ ಗೋಡೆಯೇ. ಗಾಯದಿಂದ ಹಿಸ್ಟಮಿನ್ ಅನ್ನುವ ರಾಸಾಯನಿಕ ಬಂದು ತಾಗಿದ ಕೂಡ್ಲೆ ಗೋಡೆಯ ಕೋಶಗಳು ಒಳಗೆ ಮೊದ್ಲೇ ತುಂಬಿಸಿಟ್ಟ ಪಿ-ಸೆಲೆಕ್ಟಿನ್ ಅನ್ನುವ ಪ್ರೋಟೀನನ್ನು ಕೆಲವೇ ನಿಮಿಷದಲ್ಲಿ ಹೊರಮೈಗೆ ತರ್ತವೆ, ಇ-ಸೆಲೆಕ್ಟಿನ್ ಅಂತ ಇನ್ನೊಂದುಂಟು, ಅದು ಹೊಸದಾಗಿ ತಯಾರಾಗ್ಬೇಕಾದ್ರಿಂದ ಗಂಟೆಗಟ್ಟಲೆ ಬೇಕು. ಓಡುವ ಬಿಳಿ ಕಣ ಈ ಸೆಲೆಕ್ಟಿನ್‌ಗಳಿಗೆ ಸಿಕ್ಕಿಕೊಳ್ತದೆ, ಆದ್ರೆ ಆ ಹಿಡಿತ ಗಟ್ಟಿ ಅಲ್ಲ. ಆಟಿ ತಿಂಗಳ ಮಳೆಗೆ ತುಂಬಿ ಹರಿಯುವ ತೋಡಿಗೆ ಬಿದ್ದವ ದಡದ ಹುಲ್ಲಿಗೆ ಕೈ ಹಾಕಿ, ಅದು ಕಿತ್ತು ಬಂದು, ಮುಂದಿನ ಹುಲ್ಲಿಗೆ ಕೈ ಹಾಕಿ, ಹಾಗೇ ಹೋಗುದುಂಟಲ್ಲ, ಇದೂ ಹಾಗೆಯೇ ಗೋಡೆಗುಂಟ ಉರುಳ್ತಾ ಉರುಳ್ತಾ ಸ್ಪೀಡು ಕಮ್ಮಿ ಮಾಡ್ಕೊಳ್ತದೆ. ಅಷ್ಟರಲ್ಲಿ ಗೋಡೆಯ ಮೇಲಿನ ಕೀಮೋಕೈನ್ ಅನ್ನುವ ಸಂಕೇತದ ಪ್ರೋಟೀನು ತಾಗಿದ್ರೆ ಕಣದ ಮೈಮೇಲಿನ ಇಂಟೆಗ್ರಿನ್ ಅನ್ನುವ ಹಿಡಿಕೆಯಂಥ ಪ್ರೋಟೀನುಗಳು ನೆಟ್ಟಗಾಗಿ ಗೋಡೆಯ ಐಕ್ಯಾಮ್-1 ಅನ್ನುವ ಪ್ರೋಟೀನನ್ನು ಬಿಗಿ ಹಿಡೀತವೆ, ಕಣ ನಿಂತಿತು. ಮತ್ತೆ ಸ್ವಲ್ಪ ತೆವಳಿ, ಎರಡು ಕೋಶದ ಸಂದಿಯಲ್ಲಿ ನುಸುಳಿ ಹೊರಗೆ.

1867ರಲ್ಲಿ ಜರ್ಮನಿಯ ಜೂಲಿಯಸ್ ಕೊನ್‌ಹೈಮ್ ಕಪ್ಪೆಯ ತೆಳು ಪೊರೆಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಕಣಗಳು ಹೀಗೆ ಗೋಡೆ ದಾಟುದನ್ನು ಕಂಡು, ಕೀವಿನ ಕಣಗಳು ರಕ್ತದಿಂದಲೇ ಬಂದವು ಅಂತ ಹೇಳಿದ. ಕಪ್ಪೆಯ ಪಾಡು ಕೇಳ್ಬೇಡಿ.

ಈಗ ಎಲ್ಲರೂ ಲ್ಯಾಬಿನ ರಿಪೋರ್ಟ್ ಹಿಡ್ಕೊಂಡು ಬಿಳಿ ಕಣಗಳ ಕೌಂಟು ಕೌಂಟು ಅಂತ ಹೆದರುದು. ಲ್ಯಾಬಿನವ್ರಿಗೆ ಸಿಗುದು ತೇಲ್ತಾ ಇರುವ ಕಣಗಳು ಮಾತ್ರ, ನಾಳದೊಳಗಿನ ನ್ಯೂಟ್ರೋಫಿಲ್ ಅನ್ನುವ ಜಾತಿಯ ಬಿಳಿ ಕಣಗಳಲ್ಲಿ ಸುಮಾರು ಅರ್ಧದಷ್ಟು ಗೋಡೆ ಪಕ್ಕದಲ್ಲೇ ಇರ್ತವೆ, ಲೆಕ್ಕಕ್ಕೆ ಬರುದಿಲ್ಲ. ಕುಂಬಳೆ ಬಸ್ಸು ಹಿಡೀಲಿಕ್ಕೆ ಓಡಿ, ಏದುಸಿರು ಬಿಡ್ತಾ ಹೋಗಿ ರಕ್ತ ಕೊಟ್ರೂ ಕೌಂಟು ಏರಬಹುದು, ಸ್ಟೀರಾಯ್ಡ್ ತಗೊಂಡ್ರೂ ಏರ್ತದೆ, ಹೆಚ್ಚಾಗಿ ಗೋಡೆ ಪಕ್ಕ ಇದ್ದವು ರಕ್ತದ ಓಟಕ್ಕೆ ಸೇರುದ್ರಿಂದ. ಇನ್ನು ತೀರಾ ಅಪರೂಪಕ್ಕೆ ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಈ ಇಂಟೆಗ್ರಿನ್ ಸರಿ ಇರುದಿಲ್ಲ. ಹೊಕ್ಕುಳಬಳ್ಳಿ ಬೀಳ್ಲಿಕ್ಕೆ ವಾರಗಟ್ಟಲೆ ತಡ, ಗಾಯ ಒಣಗುದಿಲ್ಲ, ರಕ್ತದಲ್ಲಿ ಬಿಳಿ ಕಣ ವಿಪರೀತ, ಆದ್ರೆ ಒಂದು ಹನಿ ಕೀವಿಲ್ಲ. ಕಣಗಳೆಲ್ಲ ಗಾಯದ ಬದಿಯಲ್ಲೇ ಹರ್ದು ಹೋಗ್ತವೆ, ಹಿಡ್ಕೊಳ್ಲಿಕ್ಕೆ ಆಗುದಿಲ್ಲ. ಜೋರಾಗಿದ್ರೆ ಈ ಕಣಗಳು ತಯಾರಾಗುವ ಅಸ್ಥಿಮಜ್ಜೆಯನ್ನೇ ಬದಲಿಸ್ಬೇಕಾಗ್ತದೆ.