107 ಹೋಗಿ 112 ಬಂತು, ಲಾರಿ ನಿಂತೇ ಇತ್ತು

ನಿನ್ನೆ ಮಧ್ಯಾಹ್ನ ಮೂರೂವರೆಗೆ ಹೊರಡಲು ಸಿದ್ಧವಾಗಿದ್ದ ಲಾರಿ ಮುಂಬೈಯ ನಮ್ಮ ಸಾಕಿನಾಕಾ ಗೋದಾಮಿನ ಅಂಗಳ ಬಿಟ್ಟದ್ದು ರಾತ್ರಿ ಒಂಬತ್ತು ದಾಟಿದ ಮೇಲೆ. ಹುಬ್ಬಳ್ಳಿಯ ಮಾಲು. ತುಂಬಿ, ತಾಡಪತ್ರಿ ಹೊದಿಸಿ, ಹಗ್ಗ ಬಿಗಿದು ಎಲ್ಲವೂ ಮುಗಿದಿತ್ತು. ಬಾಕಿ ಇದ್ದದ್ದು ಬಿಲ್ಟಿ (ಲಾರಿ ಸಾಗಣೆಯ ರಸೀದಿ), ಇನ್‌ವಾಯ್ಸ್, ಇ-ವೇ ಬಿಲ್ (ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ದಾಖಲೆ) ಸೇರಿ ನಾಲ್ಕು ಹಾಳೆ ಮಾತ್ರ. ಕಂಪ್ಯೂಟರಿನಲ್ಲಿ ಅವೂ ಸಿದ್ಧವಾಗಿದ್ದವು. ಪ್ರಿಂಟ್ ಒತ್ತಿದರೆ ಪರದೆಯ ಮೇಲೆ ಅದೇ ಹಾಳು ಪದ: ಆಫ್‌ಲೈನ್.

ಪ್ರಿಂಟರ್ ನನ್ನಿಂದ ಆರು ಅಡಿ ದೂರದಲ್ಲಿ ಹಸಿರು ದೀಪ ಹೊತ್ತಿಸಿಕೊಂಡು ಕೂತಿದೆ. ಕಾಗದವಿದೆ, ಶಾಯಿಯಿದೆ, ವೈಫೈ ಇದೆ. ಆದರೂ ಆಫ್‌ಲೈನ್!

ಇದು ಈ ಮಳೆಗಾಲದಲ್ಲಿ ನಾಲ್ಕನೆಯ ಸಲ. ಕಾರಣ ನನಗೆ ಮೂರನೆಯ ಸಲವೇ ತಿಳಿದಿತ್ತು. ಹಳೆಯ ಕಟ್ಟಡ, ಆಗಾಗ ಫ್ಯೂಸ್ ಹೋಗುತ್ತದೆ. ಕರೆಂಟ್ ಮರಳಿದಾಗ ವೈಫೈ ಕೊಡುವ ರೂಟರ್ ಹೊಸದಾಗಿ ಎದ್ದು, ತನಗೆ ಜೋಡಿಸಿದ ಯಂತ್ರಗಳಿಗೆಲ್ಲ ಮತ್ತೆ ಐಪಿ ವಿಳಾಸ, ಅಂದರೆ ಒಂದೊಂದನ್ನು ಗುರುತಿಸುವ ಅಂಕಿ, ಹಂಚುತ್ತದೆ. ಮೊದಲು ಎದ್ದವರಿಗೆ ಮೊದಲ ವಿಳಾಸ. ಪ್ರಿಂಟರಿಗೆ ಹೋದ ವಾರ 192.168.1.107 ಸಿಕ್ಕಿತ್ತು, ನಿನ್ನೆ ಕೊನೆಯ ಅಂಕಿ 112 ಆಯಿತು. ಕಂಪ್ಯೂಟರ್ ಮಾತ್ರ ಈಗಲೂ 107ರ ಬಾಗಿಲನ್ನೇ ತಟ್ಟುತ್ತಿದೆ. ಅಲ್ಲಿ ಯಾರೂ ಇಲ್ಲ, ಹಾಗಾಗಿ ಆಫ್‌ಲೈನ್. ಇಷ್ಟೇ ರೋಗ. ಪ್ರಿಂಟರಿನ ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಅದು ತನ್ನ ವಿವರದ ಹಾಳೆಯನ್ನು ತಾನೇ ಮುದ್ರಿಸುತ್ತದೆ. ಅದರಲ್ಲಿ ಇವತ್ತಿನ ವಿಳಾಸ ಅಚ್ಚಾಗಿರುತ್ತದೆ. ನಾನು ಪ್ರತಿ ಸಲವೂ ಆ ಅಂಕಿಯನ್ನು ಪ್ರಿಂಟರಿನ ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. 104, 109, 107, ಈಗ 112. ಗೋಡೆ ನೋಡಿದರೆ ಯಾರಿಗೂ ಅರ್ಥವಾಗಬೇಕು.

ಮದ್ದೂ ಕಷ್ಟದ್ದಲ್ಲ. ರೂಟರಿನೊಳಗೆ ಹೋಗಿ, ಈ ಪ್ರಿಂಟರಿಗೆ ಎಂದೆಂದಿಗೂ ಇದೇ ವಿಳಾಸ ಎಂದು ಕಾಯ್ದಿರಿಸಬೇಕು. ಕಂಪ್ಯೂಟರಿನಲ್ಲಿ ಆ ವಿಳಾಸಕ್ಕೆ ಒಂದು ಪೋರ್ಟ್, ಅಂದರೆ ಪ್ರಿಂಟ್ ಕಳಿಸುವ ದಾರಿ, ಮಾಡಬೇಕು. ಹತ್ತು ನಿಮಿಷದ ಕೆಲಸ. ಆದರೆ ರೂಟರಿನ ಪಾಸ್‌ವರ್ಡ್ ನಮಗೆ ಕೊಟ್ಟಿಲ್ಲ. ಕಂಪ್ಯೂಟರಿನಲ್ಲಿ ಪೋರ್ಟ್ ಬದಲಿಸಲೂ ಪಾಸ್‌ವರ್ಡ್ ಬೇಕು, ಅದೂ ಕೊಟ್ಟಿಲ್ಲ. ಎರಡೂ ಇರುವುದು ಕಂಪ್ಯೂಟರ್, ಪ್ರಿಂಟರ್ ನೋಡಿಕೊಳ್ಳಲು ವಾರ್ಷಿಕ ಗುತ್ತಿಗೆ ಹಿಡಿದವರ ಬಳಿ. ಅವರ ಹುಡುಗ ಬರುತ್ತಾನೆ, ಪ್ರಿಂಟರ್ ಆರಿಸಿ ಹೊತ್ತಿಸುತ್ತಾನೆ, ಅದನ್ನು ಕಂಪ್ಯೂಟರಿನಿಂದ ಅಳಿಸಿ ಮತ್ತೆ ಸೇರಿಸುತ್ತಾನೆ. ಕೆಲಸ ನಡೆಯುತ್ತದೆ. ಚಹಾ ಕುಡಿದು, ಭೇಟಿಗೆ ಇಷ್ಟು ಎಂದು ಬಿಲ್ ಬರೆದು ಹೋಗುತ್ತಾನೆ. ಮುಂದಿನ ಫ್ಯೂಸ್ ಹೋಗುವವರೆಗೆ ಮಾತ್ರ ಅದರ ಆಯುಷ್ಯ. ವಿಳಾಸ ಕಾಯ್ದಿರಿಸು ಎಂದು ಕಳೆದ ಸಲ ನಾನೇ ಹೇಳಿದೆ. "ಮ್ಯಾಡಮ್, ಅದೆಲ್ಲ ನಿಮಗೆ ತಿಳಿಯುವುದಿಲ್ಲ" ಎಂದ. ಹನ್ನೊಂದು ವರ್ಷ ಲೆಕ್ಕ ಬರೆದವಳಿಗೆ ನಾಲ್ಕು ಅಂಕಿ ತಿಳಿಯುವುದಿಲ್ಲವಂತೆ!

ನಿನ್ನೆ ಆತ ಕುರ್ಲಾದಲ್ಲಿದ್ದನಂತೆ. ಅರ್ಧ ಗಂಟೆ, ಅರ್ಧ ಗಂಟೆ ಎನ್ನುತ್ತಲೇ ಎರಡು ಗಂಟೆ ಕಳೆಯಿತು. ಯುಎಸ್‌ಬಿ ಕೇಬಲ್ ಹಾಕೋಣವೆಂದರೆ ಅದನ್ನೂ ಕಳೆದ ಸಲ ಅವನೇ ಒಯ್ದಿದ್ದಾನೆ. ಇತ್ತ ಇ-ವೇ ಬಿಲ್ಲಿನಲ್ಲಿ ಲಾರಿಯ ನಂಬರ್ ತುಂಬಿಯಾಗಿದೆ, ಅವಧಿಯ ಎಣಿಕೆ ಶುರುವಾಗಿದೆ. 200 ಕಿಲೋಮೀಟರಿಗೆ ಒಂದು ದಿನ ಎಂಬುದು ನಿಯಮ. ನಮ್ಮ ಪ್ರಿಂಟರ್ ಕೈಕೊಟ್ಟಿತೆಂದು ಅದು ಕಾಯುವುದಿಲ್ಲ. ಇ-ವೇ ಬಿಲ್ಲನ್ನಾದರೂ ಮೊಬೈಲಿನಲ್ಲಿ ತೋರಿಸಬಹುದು. ಸಹಿ, ಮೊಹರು ಬಿದ್ದ ಬಿಲ್ಟಿಯನ್ನು ಮೊಬೈಲಿನಲ್ಲಿ ಹೇಗೆ ಕೊಡಲಿ?

ಚಾಲಕ ಹಾವೇರಿ ಕಡೆಯವನು. ಮೂರು ಸಲ ಬಾಗಿಲಿಗೆ ಬಂದ. "ಅಕ್ಕಾ, ಇನ್ನೂ ಎಷ್ಟು ಹೊತ್ತಾಗುತ್ತದೆ?" ಎಂದು ಮೆಲ್ಲಗೆ ಕೇಳಿದ. ಮೂರನೆಯ ಸಲ ಅವನ ಕಣ್ಣು ತಪ್ಪಿಸಿ ಕೀಲಿಮಣೆ ನೋಡುತ್ತಾ ಕೂತೆ. ಆಗಲೇ ಸೇಠ್ ಒಳಗಿನಿಂದ ಬಂದು, ಅವನ ಎದುರಿನಲ್ಲೇ, ಒಂದು ಪ್ರಿಂಟ್ ತೆಗೆಯಲೂ ನಿಮಗೆ ಬರುವುದಿಲ್ಲವೇ ಎಂದರು.

ಕೊನೆಗೆ ಪೆನ್‌ಡ್ರೈವ್ ಹಿಡಿದು, ಮಳೆಯಲ್ಲಿ ಮೆಟ್ರೊ ನಿಲ್ದಾಣದ ಬಳಿಯ ಝೆರಾಕ್ಸ್ ಅಂಗಡಿಗೆ ನಾನೇ ಹೋದೆ. ಸಾಲಿನಲ್ಲಿ ನಿಂತು ಹಾಳೆ ತೆಗೆಸಿ, ಸೆರಗಿನಲ್ಲಿ ಮುಚ್ಚಿಕೊಂಡು ತಂದೆ. ಅಷ್ಟರಲ್ಲಿ ಭಾರಿ ವಾಹನಗಳಿಗೆ ಸಂಜೆಯ ನಿರ್ಬಂಧದ ಹೊತ್ತು. ಲಾರಿ ಮತ್ತೆ ನಿಂತಿತು. ಘಾಟ್ಕೋಪರಿನಲ್ಲಿ ಡೊಂಬಿವ್ಲಿಯ ಲೋಕಲ್ ಹತ್ತುವಾಗಲೂ ಆ ಚಾಲಕ ಅಂಗಳದಲ್ಲೇ ಕೂತಿದ್ದಾನೆ ಎಂಬುದೇ ತಲೆಯಲ್ಲಿ ಕೊರೆಯುತ್ತಿತ್ತು.

ಹುಡುಗ ಇವತ್ತು ಬೆಳಿಗ್ಗೆ ಬಂದ. ಆರಿಸಿದ, ಹೊತ್ತಿಸಿದ, ಅಳಿಸಿ ಸೇರಿಸಿದ, ಬಿಲ್ ಚಾಚಿದ. ಆ ಬಿಲ್ ಹಣಕ್ಕೆ ಹೋಗಬೇಕಾದರೆ ನನ್ನ ಸಹಿ ಬೇಕು. ಹಾಕಿಲ್ಲ. ವಿಳಾಸ ಕಾಯ್ದಿರಿಸಿ, ರೂಟರನ್ನು ನನ್ನೆದುರೇ ಆರಿಸಿ ಹೊತ್ತಿಸಿ, ಅದೇ ಅಂಕಿ ಮರಳಿ ಬಂದದ್ದನ್ನು ವಿವರದ ಹಾಳೆಯಲ್ಲಿ ತೋರಿಸುವವರೆಗೆ ಹಾಕುವುದೂ ಇಲ್ಲ. ಸೇಠ್ ಕೇಳಿದರೆ ಗೋಡೆಯ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸುತ್ತೇನೆ.