ಅಂಗನವಾಡಿ ಬಿಪಿಎಲ್ ಕಾರ್ಡಿನವರಿಗೆ ಮಾತ್ರವಲ್ಲ: ಒಂದು ಸ್ಪಷ್ಟನೆ

ಬಿಪಿಎಲ್ ಪಡಿತರ ಚೀಟಿ ಇಲ್ಲದ ಮನೆಯ ಮಕ್ಕಳಿಗೂ ಗರ್ಭಿಣಿಯರಿಗೂ ಇನ್ನು ಮುಂದೆ ಅಂಗನವಾಡಿಯಲ್ಲಿ ಆಹಾರ ಸಿಗುವುದಿಲ್ಲ ಎಂಬ ಸಂದೇಶವೊಂದು ಯಾದಗಿರಿ ಜಿಲ್ಲೆಯ ನಮ್ಮ ಭಾಗದಲ್ಲಿ ವಾಟ್ಸ್‌ಆ್ಯಪ್ ಮೂಲಕ ಹರಿದಾಡುತ್ತಿದೆ. ಅದನ್ನು ನಂಬಿ ಕೆಲವು ತಾಯಂದಿರು ಮಕ್ಕಳನ್ನು ಕಳುಹಿಸುವುದನ್ನೇ ನಿಲ್ಲಿಸಿರುವುದರಿಂದ, ಅಂಗನವಾಡಿಯ ಬಾಲವಿಕಾಸ ಸಮಿತಿಯ ಸದಸ್ಯೆಯಾಗಿ ನಾನು ಈ ಸ್ಪಷ್ಟನೆಯನ್ನು ಬರೆಯುತ್ತಿದ್ದೇನೆ.

ಈ ಸಂದೇಶ ಸುಳ್ಳು. ಅಂಗನವಾಡಿಯ ಪೂರಕ ಪೌಷ್ಟಿಕ ಆಹಾರಕ್ಕೆ ಬಿಪಿಎಲ್ ಎಂಬುದನ್ನು ಅರ್ಹತೆಯ ಮಾನದಂಡವಾಗಿ ಬಳಸಬಾರದೆಂದು ಸುಪ್ರೀಂ ಕೋರ್ಟ್ 2004ರ ಅಕ್ಟೋಬರ್‌ನಲ್ಲಿಯೇ ಆದೇಶಿಸಿದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ಆರು ತಿಂಗಳಿಂದ ಆರು ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ ಮತ್ತು ಹೆರಿಗೆಯಾದ ಆರು ತಿಂಗಳವರೆಗೆ ಬಾಣಂತಿಯರಿಗೆ ಸ್ಥಳೀಯ ಅಂಗನವಾಡಿಯ ಮೂಲಕ ಉಚಿತ ಆಹಾರವನ್ನು ಹಕ್ಕಾಗಿ ನೀಡಿದೆ. ನ್ಯಾಯಬೆಲೆ ಅಂಗಡಿಯ ಅಕ್ಕಿಗೆ ಕಾರ್ಡು ಬೇಕು, ನಿಜ. ಬಹುಶಃ ಆ ನಿಯಮವನ್ನೇ ಯಾರೋ ಇಲ್ಲಿಗೂ ಅನ್ವಯಿಸಿ ಗೊಂದಲ ಹುಟ್ಟಿಸಿರಬಹುದು.

ಕೂಲಿಗಾಗಿ ಬೆಂಗಳೂರು, ಮುಂಬೈ ಕಡೆಗೆ ಗುಳೆ ಹೋಗಿ ಬರುವ ಮನೆಗಳಲ್ಲಿ ಕಾಗದಪತ್ರ ಸರಿಯಿಲ್ಲವೆಂಬ ಅಂಜಿಕೆ ಮೊದಲೇ ಇರುತ್ತದೆ. ಇಂಥ ವದಂತಿ ಅವರ ಕೂಸಿನ ತಟ್ಟೆಯನ್ನೇ ಕಸಿದುಕೊಳ್ಳುತ್ತದೆ ಎಂಬುದು ನನಗೆ ಬಹಳ ನೋವಿನ ಸಂಗತಿ. ತೂಕ ನೋಡುವುದು, ಲಸಿಕೆಯ ದಿನ ತಿಳಿಸುವುದು, ಶಾಲೆಗೆ ಮುಂಚಿನ ಕಲಿಕೆ ಕೂಡ ಅಂಗನವಾಡಿಯಲ್ಲಿಯೇ ನಡೆಯುವುದರಿಂದ ತಪ್ಪುವುದು ಊಟವೊಂದೇ ಅಲ್ಲ.

ಮಗುವನ್ನು ಬಿಡಿಸಿದ ತಾಯಂದಿರು ದಯವಿಟ್ಟು ಮತ್ತೆ ಕರೆತನ್ನಿ. ಕಾರ್ಡಿಲ್ಲವೆಂದು ಯಾರಾದರೂ ಹಿಂದಕ್ಕೆ ಕಳುಹಿಸಿದರೆ ವಲಯದ ಮೇಲ್ವಿಚಾರಕಿಗೆ ಅಥವಾ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಲಿಖಿತ ದೂರು ಕೊಡಿ.