ಹೊರಟು ನಿಂತ ಕೋಚ್ ಕೈಗೆ ಕೊನೆಯ ಪಂದ್ಯ ಕೊಡಬೇಕಾ?

ಹೆಲ್ಮೆಟ್ ಹಾಕಿಕೊಂಡು ಆಡುವ ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಪ್ರತಿ ಚಳಿಗಾಲಕ್ಕೂ ಈ ಜಗಳ ಇದ್ದದ್ದೇ. ಮಾಮೂಲಿ ಪಂದ್ಯಗಳು ನವೆಂಬರ್ ಕೊನೆಗೆ ಮುಗಿಯುತ್ತವೆ. ಸೀಸನ್ ಕೊನೆಯ ವಿಶೇಷ ಪಂದ್ಯಗಳಾದ ಬೌಲ್‌ಗಳು ಮತ್ತು ಚಾಂಪಿಯನ್ ಯಾರೆಂದು ತೀರ್ಮಾನಿಸುವ 12 ತಂಡಗಳ ಪ್ಲೇಆಫ್ ಶುರುವಾಗುವುದು ಡಿಸೆಂಬರ್ ನಡುವೆ. ಆ ಸಂದಿಯಲ್ಲೇ ದೊಡ್ಡ ಕಾಲೇಜುಗಳು ಬೇರೆಯವರ ಕೋಚ್‌ಗಳಿಗೆ ಗಾಳ ಹಾಕುತ್ತವೆ.

2025ರ ನವೆಂಬರ್ 30ರಂದು ಮುಖ್ಯ ಕೋಚ್ ಲೇನ್ ಕಿಫಿನ್ ಮಿಸಿಸಿಪಿ ವಿಶ್ವವಿದ್ಯಾಲಯವನ್ನು, ಅಂದರೆ ಎಲ್ಲರ ಬಾಯಲ್ಲಿರುವ ‘ಓಲ್ ಮಿಸ್’ ಅನ್ನು, ಬಿಟ್ಟು ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ (ಎಲ್‌ಎಸ್‌ಯು) ಹೊರಟರು. ತಂಡ 11 ಪಂದ್ಯ ಗೆದ್ದು ಒಂದನ್ನು ಮಾತ್ರ ಸೋತಿತ್ತು. ಕಾಲೇಜಿನ ಚರಿತ್ರೆಯಲ್ಲೇ ಮೊದಲ ಪ್ಲೇಆಫ್ ಕೈಗೆಟುಕಿತ್ತು. ಅದನ್ನು ಮುಗಿಸಿಯೇ ಹೋಗುತ್ತೇನೆ ಎಂದರು ಕಿಫಿನ್. ಕಾಲೇಜಿನ ಕ್ರೀಡಾ ವಿಭಾಗದ ಮುಖ್ಯಸ್ಥ (ಅಥ್ಲೆಟಿಕ್ ಡೈರೆಕ್ಟರ್) ಕೀತ್ ಕಾರ್ಟರ್ ಒಪ್ಪಲಿಲ್ಲ. ಡಿಫೆನ್ಸ್ ನೋಡಿಕೊಳ್ಳುತ್ತಿದ್ದ ಪೀಟ್ ಗೋಲ್ಡಿಂಗ್ ಅವರನ್ನೇ ಮುಖ್ಯ ಕೋಚ್ ಮಾಡಿದರು.

ಕಾರ್ಟರ್ ಮಾಡಿದ್ದು ಸರಿಯಾ?

ಪರ: ಮುಗಿಸಿ ಹೋಗಲು ಬಿಡಬೇಕಿತ್ತು

ಮೊದಲು ಕ್ಯಾಲೆಂಡರ್ ನೋಡಿ. ಹೈಸ್ಕೂಲ್ ಹುಡುಗರು ಯಾವ ಕಾಲೇಜಿಗೆ ಆಡುತ್ತೇವೆಂದು ಸಹಿ ಹಾಕುವ ದಿನ ಆ ವರ್ಷ ಡಿಸೆಂಬರ್ 3. ಹೊಸ ಕೋಚ್ ಅಷ್ಟರೊಳಗೆ ಬರದಿದ್ದರೆ ಎಲ್‌ಎಸ್‌ಯುಗೆ ಒಂದು ವರ್ಷದ ಹುಡುಗರೇ ಕೈತಪ್ಪುತ್ತಿದ್ದರು. ಈ ವೇಳಾಪಟ್ಟಿ ಮಾಡಿದ್ದು ಕಿಫಿನ್ ಅಲ್ಲವಲ್ಲ. ಕಾಲೇಜುಗಳೇ ಸೇರಿ ಗಂಟು ಹಾಕಿವೆ, ಈಗ ಬೈಗುಳ ಮಾತ್ರ ಕೋಚ್‌ಗೆ.

ಇನ್ನು ನಿಷ್ಠೆಯ ಮಾತು. ಇದೇ ಎಲ್‌ಎಸ್‌ಯು ಬ್ರಯಾನ್ ಕೆಲ್ಲಿ ಅವರನ್ನು ಅಕ್ಟೋಬರ್‌ನಲ್ಲಿ, ಸೀಸನ್ ಅರ್ಧದಲ್ಲಿರುವಾಗಲೇ ಮನೆಗೆ ಕಳಿಸಿತು. ಯಾವ ಅಭಿಮಾನಿಯೂ ‘ಪಾಪ, ಉಳಿದ ಪಂದ್ಯ ಮುಗಿಸಲಿ’ ಎನ್ನಲಿಲ್ಲ. ಕಾಲೇಜು ಬೇಕೆಂದಾಗ ಕೈಬಿಡಬಹುದು, ಕೋಚ್ ಮಾತ್ರ ಬಿಡಬಾರದು ಅಂದರೆ ಅದ್ಯಾವ ನ್ಯಾಯ?

ಬಿಟ್ಟರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಅದೇ ನವೆಂಬರ್ 30ರಂದು ಟುಲೇನ್ ಕೋಚ್ ಜಾನ್ ಸಮ್ರಾಲ್ ಫ್ಲಾರಿಡಾ ವಿಶ್ವವಿದ್ಯಾಲಯದ ಕೆಲಸ ಒಪ್ಪಿಕೊಂಡರು. ಟುಲೇನ್ ಅವರನ್ನು ಉಳಿಸಿಕೊಂಡಿತು. ಮುಂದಿನ ವಾರ ಅಮೆರಿಕನ್ ಕಾನ್ಫರೆನ್ಸ್ (ಕಾಲೇಜುಗಳ ಒಂದು ಲೀಗ್) ಫೈನಲ್‌ನಲ್ಲಿ ಎದುರಿದ್ದ ನಾರ್ತ್ ಟೆಕ್ಸಸ್ ಕೋಚ್ ಕೂಡ ಓಕ್ಲಹೋಮಾ ಸ್ಟೇಟ್‌ಗೆ ಹೋಗಲು ಒಪ್ಪಿದ್ದವರೇ! ಇಬ್ಬರು ಹೊರಟು ನಿಂತ ಕೋಚ್‌ಗಳು ಪ್ರಶಸ್ತಿಗೆ ಕಾದಾಡಿದರು, ಟುಲೇನ್ 34-21ರಿಂದ ಗೆದ್ದು ಪ್ಲೇಆಫ್‌ಗೂ ಹೋಯಿತು. ಜೇಮ್ಸ್ ಮ್ಯಾಡಿಸನ್ ತಂಡದ ಬಾಬ್ ಚೆಸ್ನಿ ಯುಸಿಎಲ್‌ಎಗೆ ಹೋಗುವವರಾಗಿದ್ದರೂ ಪ್ಲೇಆಫ್ ಆಡಿಸಿಯೇ ಹೋದರು.

ಕೋಚ್ ಇಲ್ಲದೆ ಆಡಿದರೆ ಏನಾಗಬಹುದು ಎನ್ನುವುದಕ್ಕೂ ಉದಾಹರಣೆ ಇದೆ. 2009ರಲ್ಲಿ ಸಿನ್ಸಿನಾಟಿ 12 ಪಂದ್ಯ ಆಡಿ ಹನ್ನೆರಡನ್ನೂ ಗೆದ್ದಿತ್ತು. ಕೋಚ್ ಆಗಿದ್ದ ಇದೇ ಕೆಲ್ಲಿ ಬೌಲ್‌ಗೆ ಮುಂಚೆ ನೋಟ್ರ್ ಡೇಮ್‌ಗೆ ಹೊರಟುಹೋದರು. ಶುಗರ್ ಬೌಲ್‌ನಲ್ಲಿ ಫ್ಲಾರಿಡಾ 51-24ರಿಂದ ಬಡಿದುಹಾಕಿತು. ಫ್ಲಾರಿಡಾ ಬಲವಾದ ತಂಡವೇ, ಒಪ್ಪೋಣ. ಆದರೂ ವರ್ಷವಿಡೀ ಬೆವರು ಸುರಿಸಿದ ಹುಡುಗರಿಗೆ ಅವರ ಕೋಚ್ ಪಕ್ಕದಲ್ಲಿರಬೇಕಿತ್ತು, ಅಲ್ವಾ?

ಕೊನೆಗೆ ಒಂದು ಚುಚ್ಚುಮಾತು. ಕಿಫಿನ್ ಜೊತೆ ಎಲ್‌ಎಸ್‌ಯುಗೆ ಹೊರಟಿದ್ದ ಅಫೆನ್ಸ್ ಕೋಚ್ ಚಾರ್ಲಿ ವೈಸ್ ಜೂನಿಯರ್ ಅವರನ್ನು ಮಾತ್ರ ಓಲ್ ಮಿಸ್ ಪ್ಲೇಆಫ್‌ಗೆ ಕರೆಸಿಕೊಂಡಿತು. ಶಿಷ್ಯ ಬೇಕು, ಗುರು ಬೇಡ. ಇದು ತತ್ವವಲ್ಲ, ಸಿಟ್ಟು.

ವಿರೋಧ: ಬಾಗಿಲು ತೋರಿಸಿದ್ದೇ ಸರಿ

ಹೌದು, ಸಿಟ್ಟೇ. ಅದಕ್ಕೆ ಕಾರಣವೂ ಇತ್ತು. ಆ ಭಾನುವಾರ ಓಲ್ ಮಿಸ್‌ನ ಊರಾದ ಆಕ್ಸ್‌ಫರ್ಡ್‌ನ ಪುಟ್ಟ ವಿಮಾನ ನಿಲ್ದಾಣದ ಬೇಲಿಯ ಬಳಿ ಜನ ಗುಂಪುಗೂಡಿದ್ದರು. ಕಿಫಿನ್ ವಿಮಾನ ಹತ್ತುವಾಗ ಕೂಗಿದರು, ಬೈದರು, ಮಧ್ಯದ ಬೆರಳು ತೋರಿಸಿದರು. ಮೂರು ದಿನದ ಹಿಂದೆ ಅವರೇ ಈ ಮನುಷ್ಯನನ್ನು ಹೊತ್ತು ಮೆರೆಸಲು ತಯಾರಿದ್ದರು. ನವೆಂಬರ್ ಪೂರ್ತಿ ಹೋಗ್ತಾರಾ, ಇರ್ತಾರಾ ಎಂದು ಕಾಯಿಸಿ, ಮಧ್ಯೆ ಮನೆಯವರು ಫ್ಲಾರಿಡಾ ಕಾಲೇಜಿನ ಊರು ಗೇನ್ಸ್‌ವಿಲ್, ಎಲ್‌ಎಸ್‌ಯು ಊರು ಬ್ಯಾಟನ್ ರೂಜ್ ಎರಡನ್ನೂ ನೋಡಿಬಂದ ಮೇಲೆ, ವರ್ಷಕ್ಕೆ ಸುಮಾರು 1.3 ಕೋಟಿ ಡಾಲರಿನ ಕೆಲಸ ಒಪ್ಪಿಕೊಂಡವರಿಗೆ ಆರತಿ ಎತ್ತಬೇಕಿತ್ತೇ? ಬೆರಳು ತೋರಿಸಿದ್ದು ಚೆಂದವಲ್ಲ, ಅದು ಬೇರೆ ಮಾತು.

ಟುಲೇನ್ ಉದಾಹರಣೆ ಇಲ್ಲಿ ನಡೆಯುವುದಿಲ್ಲ. ಟುಲೇನ್, ಫ್ಲಾರಿಡಾ ಬೇರೆ ಬೇರೆ ಕಾನ್ಫರೆನ್ಸ್‌ನವು. ಓಲ್ ಮಿಸ್ ಮತ್ತು ಎಲ್‌ಎಸ್‌ಯು ಒಂದೇ ಎಸ್‌ಇಸಿ ಕಾನ್ಫರೆನ್ಸ್‌ನಲ್ಲಿ ಹಳೇ ಎದುರಾಳಿಗಳು. ಪ್ಲೇಆಫ್‌ನಲ್ಲಿ ಓಲ್ ಮಿಸ್ ಆಡಿದ ಕ್ವಾರ್ಟರ್‌ಫೈನಲ್ ಆಗಿದ್ದ ಶುಗರ್ ಬೌಲ್ ಜನವರಿ 1ಕ್ಕೆ. ಆಟಗಾರರು ಕಾಲೇಜು ಬದಲಿಸುವ ಟ್ರಾನ್ಸ್‌ಫರ್ ಪೋರ್ಟಲ್ ತೆರೆದದ್ದು ಮರುದಿನವೇ. ಎದುರಾಳಿ ಕಾಲೇಜಿಗೆ ಆಟಗಾರರನ್ನು ಸೇರಿಸಬೇಕಾದ ಮನುಷ್ಯನನ್ನು ಒಂದು ತಿಂಗಳು ನಿಮ್ಮದೇ ಡ್ರೆಸ್ಸಿಂಗ್ ರೂಮಿನಲ್ಲಿ ಕೂರಿಸಿಕೊಳ್ಳುತ್ತೀರಾ? ಸಾಫ್ಟ್‌ವೇರ್ ಕಂಪನಿಯಲ್ಲಿ ಎದುರಾಳಿ ಕಂಪನಿಗೆ ಹೊರಟವನ ಲ್ಯಾಪ್‌ಟಾಪನ್ನು ಅದೇ ದಿನ ವಾಪಸ್ ತಗೊಳ್ತಾರೆ. ಯಾರೂ ಅದನ್ನು ಕ್ರೌರ್ಯ ಅನ್ನುವುದಿಲ್ಲ.

ಎರಡು ದೋಣಿಯಲ್ಲಿ ಕಾಲಿಟ್ಟರೆ ಏನಾಗುತ್ತದೆ ಎಂದು ಕಿಫಿನ್ ಅವರಿಗೇ ಗೊತ್ತು. 2016ರ ಡಿಸೆಂಬರ್‌ನಲ್ಲಿ ಅಲಬಾಮಾದ ಅಫೆನ್ಸ್ ನೋಡಿಕೊಳ್ಳುತ್ತಲೇ ಫ್ಲಾರಿಡಾ ಅಟ್ಲಾಂಟಿಕ್‌ನ ಮುಖ್ಯ ಕೋಚ್ ಕೆಲಸ ಒಪ್ಪಿಕೊಂಡರು. ಸೆಮಿಫೈನಲ್ ಗೆದ್ದರೂ ಫೈನಲ್‌ಗೆ ಒಂದು ವಾರ ಇರುವಾಗ ಅಲಬಾಮಾದ ಮುಖ್ಯ ಕೋಚ್ ನಿಕ್ ಸೇಬನ್ ಅವರನ್ನು ಕಳಿಸಿಕೊಟ್ಟರು. ಎರಡೂ ಕೆಲಸ ಒಟ್ಟಿಗೆ ಆಗುತ್ತಿಲ್ಲ ಎಂದೇ ಆಗ ಹೇಳಿದ್ದು. ಆ ಫೈನಲ್‌ನಲ್ಲಿ ಅಲಬಾಮಾ ಕೊನೇ ಸೆಕೆಂಡಿನಲ್ಲಿ ಸೋತಿತು ನಿಜ. ಅದಕ್ಕೆ ಸೇಬನ್ ನಿರ್ಧಾರವೇ ಕಾರಣ ಅನ್ನುವವರು ಗೆದ್ದ ಕ್ಲೆಮ್ಸನ್ ತಂಡದ ಆಟವನ್ನು ನೋಡಿಲ್ಲ.

ಹುಡುಗರ ಇಷ್ಟದ ವಿಚಾರ. ‘ನನ್ನನ್ನು ಕೋಚ್ ಆಗಿ ಉಳಿಸಿಕೊಳ್ಳುವಂತೆ ತಂಡವೇ ಕಾರ್ಟರ್ ಅವರನ್ನು ಕೇಳಿತು’ ಎಂದು ಕಿಫಿನ್ ಬರೆದುಕೊಂಡರು. ತಂಡದ ಸಭೆಯಲ್ಲಿದ್ದ ಕೆಲವು ಆಟಗಾರರೇ ಅದು ಹಾಗಲ್ಲ ಎಂದು ಬಹಿರಂಗವಾಗಿ ಅಲ್ಲಗಳೆದರು.

ಆಮೇಲೆ ಆಟ ನೋಡಿ. ಗೋಲ್ಡಿಂಗ್ ತಂಡ ಟುಲೇನ್ ಅನ್ನು ಆಕ್ಸ್‌ಫರ್ಡ್‌ನಲ್ಲೇ 41-10ರಿಂದ ಸೋಲಿಸಿತು. ಇದನ್ನು ದೊಡ್ಡದು ಮಾಡುವುದಿಲ್ಲ, ಸೆಪ್ಟೆಂಬರ್‌ನಲ್ಲಿ ಕಿಫಿನ್ ಇದ್ದಾಗಲೂ 45-10ರಿಂದ ಗೆದ್ದಿತ್ತು. ಜಾರ್ಜಿಯಾ ಪಂದ್ಯದ ಕಥೆಯೇ ಬೇರೆ. ಅಕ್ಟೋಬರ್‌ನಲ್ಲಿ ಕಿಫಿನ್ ಕೈಕೆಳಗೆ 43-35ರಿಂದ ಸೋತಿದ್ದ ತಂಡ ಶುಗರ್ ಬೌಲ್‌ನಲ್ಲಿ 39-34ರಿಂದ ಗೆದ್ದಿತು. 6 ಸೆಕೆಂಡ್ ಉಳಿದಿರುವಾಗ ಲೂಕಸ್ ಕಾರ್ನೇರೊ 47 ಗಜದಿಂದ ಒದ್ದ ಚೆಂಡು ಕಂಬಗಳ ನಡುವೆ ಹೋಯಿತು. ಸೆಮಿಫೈನಲ್‌ನಲ್ಲಿ ಮಯಾಮಿ ಎದುರು 31-27ರಿಂದ ಸೋತರು, ಅದೂ ಕೊನೇ 18 ಸೆಕೆಂಡಿನಲ್ಲಿ. ಕೋಚ್ ಇಲ್ಲದ ಅನಾಥ ತಂಡದ ಆಟ ಹೀಗಿರುತ್ತದೆಯೇ?

ವೈಸ್ ವಿಚಾರದಲ್ಲಿ ಪರ ವಾದದ ಚುಚ್ಚು ಸರಿಯಾಗೇ ತಾಗಿದೆ. ಅವರನ್ನು ಬಳಸಿಕೊಂಡಿದ್ದು ಅನುಕೂಲಕ್ಕೇ. ಆದರೆ ಅದರ ಬೆಲೆಯನ್ನೂ ನೋಡಿ. ಸೆಮಿಫೈನಲ್ ಹತ್ತಿರ ಬಂದಾಗ ಎಲ್‌ಎಸ್‌ಯುಗೆ ಹೊರಟಿದ್ದ ಸಹಾಯಕರಲ್ಲಿ ಯಾರು ಬರ್ತಾರೆ, ಯಾರು ಬರಲ್ಲ ಎನ್ನುವುದೇ ದಿನದ ಸುದ್ದಿಯಾಯಿತು. ಸಹಾಯಕರಿಂದಲೇ ಇಷ್ಟು ತಲೆನೋವು. ಮುಖ್ಯ ಕೋಚೇ ಹಾಗೆ ಅತ್ತಿತ್ತ ಓಡಾಡಿದ್ದರೆ?

2026ರ ಸೆಪ್ಟೆಂಬರ್‌ನ ವೇಳಾಪಟ್ಟಿಯಲ್ಲಿ ಎಲ್‌ಎಸ್‌ಯು ಆಕ್ಸ್‌ಫರ್ಡ್‌ಗೆ ಬರಬೇಕು. ಓಲ್ ಮಿಸ್ ಹುಡುಗರಲ್ಲಿ ಯಾರ ಮೊಣಕಾಲು ಸರಿಯಿಲ್ಲ, ಯಾರು ಒತ್ತಡಕ್ಕೆ ತಡಬಡಿಸುತ್ತಾರೆ ಎನ್ನುವುದು ನವೆಂಬರ್‌ವರೆಗಿನ ಲೆಕ್ಕದಲ್ಲಿ ಕಿಫಿನ್ ಬಳಿ ಹೇಗೂ ಇದೆ. ಡಿಸೆಂಬರ್ ಲೆಕ್ಕವನ್ನೂ ಕಾರ್ಟರ್ ಯಾಕೆ ಕೊಟ್ಟು ಕಳಿಸಬೇಕಿತ್ತು?